ಗ್ರಂಥಪಾಲಕನ ಕೈಗೆ ಲೇಖನಿ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂತಹ ವೇದಿಕೆಯಿಂದ ಕವಿಗಳ ವಿಷಯ, ಶಾಸನಗಳ ವಿಷಯ, ನಾಡುನುಡಿಯ ವಿಷಯ ಕೇಳಿಬರುವುದು ವಾಡಿಕೆ. ಇಂದು ನಾವು ಆ ಮಾರ್ಗವನ್ನು ಬಿಟ್ಟು, ಯಾರ ಕಣ್ಣಿಗೂ ಅಷ್ಟಾಗಿ ಬೀಳದ ಒಬ್ಬಾತನ ವಿಷಯವನ್ನು ಎತ್ತಿಕೊಂಡಿದ್ದೇವೆ. ಆತ ಗ್ರಂಥಪಾಲಕ. ಸರಕಾರದ ಶಾಖಾ ಗ್ರಂಥಾಲಯದ ನೌಕರನಿರಲಿ, ಶಾಲೆಯ ಬೀರುವಿನ ಬೀಗದ ಕೈ ಹೊತ್ತ ಉಪಾಧ್ಯಾಯನಿರಲಿ, ಸಂಘದ ವಾಚನಾಲಯವನ್ನು ಸಂಜೆಯ ಹೊತ್ತು ತೆರೆದಿಡುವ ತರುಣ ತರುಣಿಯರಿರಲಿ, ಎಲ್ಲರನ್ನೂ ಈ ಹೆಸರಿನಲ್ಲಿಯೇ ಸೇರಿಸಿದ್ದೇವೆ. ಪುಸ್ತಕ ಕೊಡುವುದು, ಹಿಂದಕ್ಕೆ ಪಡೆಯುವುದು, ಧೂಳು ಕೊಡವಿ ಜೋಡಿಸುವುದು, ಇಷ್ಟೇ ಆತನ ಕೆಲಸವೆಂದು ಜನ ಬಲ್ಲರು. ಆತನು ಬರೆಯಲೂ ಬೇಕು, ಅದೂ ತನ್ನ ವೃತ್ತಿಯವರು ಓದುವ ಪತ್ರಿಕೆಗೆ ಬರೆಯಬೇಕು ಎಂಬುದೇ ನಮ್ಮ ಇಂದಿನ ಅರಿಕೆ. ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು, ಬೇರಿಕೆಗಳ ಕನ್ನಡಕ್ಕೆ ಇದರಿಂದ ಆಗತಕ್ಕ ಪ್ರಯೋಜನ ಸಣ್ಣದಲ್ಲ.

ವೈದ್ಯರಿಗೆ ವೈದ್ಯಪತ್ರಿಕೆಯುಂಟು, ಬೇಸಾಯಗಾರರಿಗೆ ಕೃಷಿಪತ್ರಿಕೆಯುಂಟು. ಅದರಂತೆ ಗ್ರಂಥಪಾಲಕರಿಗೂ ವೃತ್ತಿಪತ್ರಿಕೆಗಳುಂಟು. ಇದು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ, 1912ರಲ್ಲಿ, 'ಲೈಬ್ರರಿ ಮಿಸೆಲನಿ' ಎಂಬ ಪತ್ರಿಕೆ ಹೊರಟಿತು. ಅದರಲ್ಲಿ ಇಂಗ್ಲಿಷಿನೊಡನೆ ಗುಜರಾತಿ, ಮರಾಠಿ ಭಾಷೆಗಳ ಬರಹಗಳೂ ಅಚ್ಚಾಗುತ್ತಿದ್ದವು. ಹಳ್ಳಿಯ ಗ್ರಂಥಭಂಡಾರವನ್ನು ನಡೆಸುವವನಿಗೆ ಆತನ ಮಾತಿನಲ್ಲಿಯೇ ವೃತ್ತಿಯ ವಿಚಾರವನ್ನು ಮುಟ್ಟಿಸಬೇಕೆಂಬ ಅರಿವು ಅಂದೇ ಇದ್ದಿತು.

ನಮ್ಮ ಸೀಮೆಗೆ ಇನ್ನೂ ಹತ್ತಿರದ ನಿದರ್ಶನ ಡಾಕ್ಟರ್ ಎಸ್. ಆರ್. ರಂಗನಾಥನ್ ಅವರದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಹಾಗೂ ತರಬೇತಿಯ ಕೇಂದ್ರವನ್ನು ಕಟ್ಟಿದರು. 1964ರಿಂದ ಅಲ್ಲಿಂದಲೇ ಒಂದು ವೃತ್ತಿಪತ್ರಿಕೆಯನ್ನು ಹೊರಡಿಸಿದರು. 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರು. ವಿಶ್ವವೇ ಗೌರವಿಸಿದ ಈ ವಿದ್ಯೆ ಬೆಳೆದ ಅಂಗಳ ನಮ್ಮ ಹೊಸಿಲಿಗೆ ಇಷ್ಟು ಸಮೀಪ! ಓದುಗನಿಗೆ ತಕ್ಕ ಪುಸ್ತಕ ದೊರೆಯಬೇಕು, ಪುಸ್ತಕಕ್ಕೂ ತಕ್ಕ ಓದುಗ ದೊರೆಯಬೇಕು ಎಂಬುದು ಅವರ ಸೂತ್ರಗಳ ತಿರುಳು. ಹಾಗೆ ದೊರೆಯಿತೊ ಇಲ್ಲವೊ ಎಂಬುದನ್ನು ಎಣಿಸಿ ನೋಡಬೇಕೇ ಹೊರತು ಊಹಿಸಬಾರದೆಂಬ ಶಿಸ್ತು ಆ ಗಣಿತಜ್ಞರ ವೃತ್ತಿಜೀವನದಿಂದ ನಾವು ಕಲಿಯಬಹುದಾದ ದೊಡ್ಡ ಪಾಠ.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. 1948ರ ಮದರಾಸು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಪ್ರಕಾರ ಆಸ್ತಿತೆರಿಗೆಯೊಡನೆ ಗ್ರಂಥಾಲಯದ ಕರವೂ ಸೇರಿ ವಸೂಲಾಗುತ್ತದೆ. ಮನೆಯಲ್ಲಿ ಕನ್ನಡ ಮಾತನಾಡುವವನೂ ಅದನ್ನು ತೆರುತ್ತಾನೆ, ತೆಲುಗು ಮಾತನಾಡುವವನೂ ತೆರುತ್ತಾನೆ, ತಮಿಳು ಮಾತನಾಡುವವನೂ ತೆರುತ್ತಾನೆ. ಆದುದರಿಂದ ಕನ್ನಡ ಪುಸ್ತಕವನ್ನು ಕೇಳುವುದು ದಾನವನ್ನು ಬೇಡಿದಂತಲ್ಲ. ಆದರೆ ಪುಸ್ತಕ ಕೊಳ್ಳುವ ಅಧಿಕಾರಿ ಕೇಳುವ ಪ್ರಶ್ನೆಯೂ ನ್ಯಾಯವಾದುದೇ: ಓದುವವರು ಎಷ್ಟು ಮಂದಿ? ಯಾವ ವಯಸ್ಸಿನವರು? ಏನನ್ನು ಕೇಳುತ್ತಾರೆ? ಇದಕ್ಕೆ ನಾವು ಅಭಿಮಾನದ ಮಾತಿನಿಂದ ಉತ್ತರ ಕೊಟ್ಟರೆ ಪ್ರಯೋಜನವಿಲ್ಲ. ಪುಸ್ತಕ ಕೇಳಿ ಬಂದ ಹುಡುಗಿ 'ಇಲ್ಲ' ಎನ್ನಿಸಿಕೊಂಡು ಹಿಂದಿರುಗಿದರೆ ಆ ಕೋರಿಕೆಗೆ ಯಾವ ಕಡತದಲ್ಲಿಯೂ ಗುರುತಿಲ್ಲ. ಕೊಟ್ಟ ಪುಸ್ತಕಕ್ಕೆ ಲೆಕ್ಕವುಂಟು; ಕೊಡಲಾಗದ ಪುಸ್ತಕಕ್ಕೆ ಲೆಕ್ಕವಿಲ್ಲ. ಎರಡು ಸಲ ಬಂದವಳು ಮೂರನೆಯ ಸಲ ಬಾರಳು. ಆಗ 'ಕನ್ನಡ ಕೇಳುವವರೇ ಇಲ್ಲ' ಎಂಬ ಮಾತು ಸತ್ಯದಂತೆಯೇ ತೋರುತ್ತದೆ.

ಇನ್ನೊಂದು ಸಂಗತಿಯನ್ನು ಗಮನಿಸಿರಿ. 1965ರವರೆಗೆ ನಾವು ಸೇಲಂ ಜಿಲ್ಲೆಯವರು, ಬಳಿಕ ಧರ್ಮಪುರಿಯವರು, 2004ರಿಂದ ಕೃಷ್ಣಗಿರಿಯವರು. ಕಚೇರಿ ಬದಲಾಗುತ್ತದೆ, ಅಧಿಕಾರಿ ವರ್ಗವಾಗುತ್ತಾರೆ, ಗ್ರಂಥಪಾಲಕನಿಗೆ ವಯಸ್ಸಾಗಿ ನಿವೃತ್ತಿಯಾಗುತ್ತದೆ. ಮೂವತ್ತು ವರ್ಷ ಆತನ ತಲೆಯಲ್ಲಿದ್ದ ಅನುಭವ ಆತನೊಡನೆಯೇ ಮನೆಗೆ ಹೋಗುತ್ತದೆ. ಬರೆದು ಅಚ್ಚಾದುದು ಮಾತ್ರ ಉಳಿಯುತ್ತದೆ. 2006ರ ತಮಿಳು ಕಲಿಕೆಯ ಕಾಯಿದೆಯ ತರುವಾಯ ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳನ್ನು ಕಲಿಯುತ್ತಿದ್ದಾರೆ. ಇರುವ ನಾಡಿನ ನುಡಿಯನ್ನು ಕಲಿಯುವುದು ಒಳಿತೇ. ಆದರೆ ಪಾಠದ ಆಚೆಗಿನ ಕನ್ನಡ, ಕತೆ ಕಾದಂಬರಿಗಳ ಕನ್ನಡ, ಅವರಿಗೆ ದೊರೆಯಬೇಕಾದರೆ ಗ್ರಂಥಭಂಡಾರವಲ್ಲದೆ ಬೇರೆ ಆಸರೆ ಯಾವುದು?

'ಬರೆಯಲು ನಮ್ಮಲ್ಲಿ ಏನಿದೆ?' ಎಂದು ಕೆಲವರು ಕೇಳಬಹುದು. ಗಡಿಯ ಗ್ರಂಥಪಾಲಕನಲ್ಲಿರುವಷ್ಟು ವಿಷಯ ರಾಜಧಾನಿಯವನಲ್ಲಿ ಇರಲಾರದು. ಕನ್ನಡ ಪುಸ್ತಕದ ಹೆಸರನ್ನು ತಮಿಳು ಲಿಪಿಯಲ್ಲಿ ದಾಖಲೆಗೆ ಏರಿಸುವ ಸಂದರ್ಭವನ್ನು ನೋಡಿರಿ. ತಮಿಳಿನಲ್ಲಿ ಕ, ಗ ಎರಡಕ್ಕೂ ಅಕ್ಷರ ಒಂದೇ. ಪ, ಬ ಎರಡಕ್ಕೂ ಒಂದೇ. ಆದುದರಿಂದ 'ಗಾಳಿ'ಯೂ 'ಕಾಳಿ'ಯೂ ಆ ಲಿಪಿಯಲ್ಲಿ ಒಂದೇ ರೂಪ ತಾಳುತ್ತವೆ. ಇದು ಆ ಲಿಪಿಯ ದೋಷವಲ್ಲ; ಪ್ರತಿಯೊಂದು ಲಿಪಿಗೂ ತನ್ನದೇ ಸ್ವಭಾವವುಂಟು. ಆದರೆ ಪುಸ್ತಕವನ್ನು ಹುಡುಕುವವನಿಗೆ ದಾರಿ ತಪ್ಪುತ್ತದೆ. ಕನ್ನಡ ಲಿಪಿಯ ಇನ್ನೊಂದು ಪಟ್ಟಿಯನ್ನಿಟ್ಟರೆ ಎಷ್ಟು ಸಮಯ ಉಳಿಯುತ್ತದೆ? ಪರೀಕ್ಷಿಸಿ ಬರೆದರೆ ಅದೇ ಒಂದು ಲೇಖನ.

ಕಾವ್ಯನಾಮಗಳದು ಇನ್ನೊಂದು ತೊಡಕು. ನಮ್ಮ ನೆರೆಯ ಮಾಲೂರು ಸೀಮೆಯವರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 'ಶ್ರೀನಿವಾಸ'ರೂ ಹೌದು. ಬೇಂದ್ರೆಯವರು 'ಅಂಬಿಕಾತನಯದತ್ತ'ರೂ ಹೌದು. ಕುವೆಂಪು ಎಂದರೆ ಪುಟ್ಟಪ್ಪನವರು. ತಾಯಂದಿರು ಮೆಚ್ಚಿ ಓದುವ ತ್ರಿವೇಣಿಯವರ ನಿಜನಾಮ ಅನಸೂಯಾ ಶಂಕರ್. ಕನ್ನಡವರಿಯದ ಸಿಬ್ಬಂದಿಗೆ ಇದು ಹೇಗೆ ತಿಳಿಯಬೇಕು? ತಮಿಳಿನಲ್ಲಿಯೂ ಇದೇ ಕಥೆ. 'ಕಲ್ಕಿ' ಎಂದರೆ ಕೃಷ್ಣಮೂರ್ತಿಯವರು, 'ಪುದುಮೈಪ್ಪಿತ್ತನ್' ಎಂದರೆ ವಿರುದ್ಧಾಚಲಂ ಅವರು. ಹೀಗಿರುವುದರಿಂದ ತಮಿಳು ಸಹೋದ್ಯೋಗಿಯೊಡನೆ ಕೂಡಿಯೇ ಈ ಲೇಖನವನ್ನು ಬರೆಯಬಹುದು. ಡ್ಯೂಯಿಯ ವರ್ಗೀಕರಣದಲ್ಲಿ ತಮಿಳು ಸಾಹಿತ್ಯದ ಅಂಕೆ 894.811, ಕನ್ನಡದ್ದು 894.814. ಕಪಾಟಿನಲ್ಲಿ ಇಷ್ಟು ಹತ್ತಿರ ನಿಲ್ಲುವ ಸಾಹಿತ್ಯಗಳನ್ನು ನೋಡಿಕೊಳ್ಳುವವರು ದೂರ ದೂರ ಕುಳಿತುಕೊಳ್ಳಬೇಕಾಗಿಲ್ಲ.

ಬರೆಯುವ ಬಗೆಯನ್ನು ಕುರಿತು ಎರಡು ಮಾತು. ವೃತ್ತಿಪತ್ರಿಕೆಯ ಬರಹ ಸನ್ಮಾನಪತ್ರವಲ್ಲ. 'ನಮ್ಮ ವಾಚನಾಲಯವು ಅಹರ್ನಿಶಿ ಕನ್ನಡಾಂಬೆಯ ಸೇವೆಯಲ್ಲಿ ನಿರತವಾಗಿದೆ' ಎಂಬ ವಾಕ್ಯ ಕಿವಿಗೆ ಇಂಪು. ಬೇರೆಯೂರಿನ ಗ್ರಂಥಪಾಲಕನಿಗೆ ಅದರಿಂದ ಕಲಿಯತಕ್ಕದ್ದು ಏನೂ ಇಲ್ಲ. ಅದರ ಬದಲು, ಜೂನ್ ತಿಂಗಳಲ್ಲಿ ಕನ್ನಡ ಪುಸ್ತಕ ಕೇಳಿದವರು ಇಷ್ಟು ಮಂದಿ, ದೊರೆತದ್ದು ಇಷ್ಟು ಮಂದಿಗೆ, ದೊರೆಯದವುಗಳಲ್ಲಿ ಮಕ್ಕಳ ಪುಸ್ತಕಗಳು ಇಷ್ಟು, ಹೀಗೆ ಬರೆಯಿರಿ. ಒಂದು ಲೇಖನಕ್ಕೆ ಒಂದೇ ಪ್ರಶ್ನೆ ಸಾಕು. ಏನು ತೊಡಕಿತ್ತು, ಏನು ಮಾಡಿದಿರಿ, ಏನಾಯಿತು, ಯಾವುದು ಫಲಿಸಲಿಲ್ಲ ಎಂಬುದನ್ನು ಕ್ರಮವಾಗಿ ಹೇಳಿರಿ. ಫಲಿಸದುದನ್ನು ಮುಚ್ಚಿಡಬೇಡಿರಿ, ಇನ್ನೊಬ್ಬನ ಶ್ರಮ ಅದರಿಂದ ಉಳಿಯುತ್ತದೆ. ಓದುಗರ ಹೆಸರನ್ನು ಮಾತ್ರ ಬರೆಯಬೇಡಿರಿ. ಯಾರು ಏನನ್ನು ಓದುತ್ತಾರೆಂಬುದು ಗ್ರಂಥಪಾಲಕನಲ್ಲಿ ಇಟ್ಟ ನಂಬಿಕೆ. ವಯಸ್ಸು, ತರಗತಿ ತಿಳಿಸಿದರೆ ಸಾಕು.

ಇಂಗ್ಲಿಷ್ ಬಾರದೆಂದು ಹಿಂಜರಿಯುವುದೂ ಬೇಡ. ಮೊದಲು ಕನ್ನಡದಲ್ಲಿ ಬರೆಯಿರಿ. ವಿಷಯ ಗಟ್ಟಿಯಾಗಿದ್ದರೆ ಭಾಷಾಂತರಿಸಿ ಕೊಡುವವರು ನಮ್ಮ ನಡುವೆಯೇ ಇದ್ದಾರೆ. ಸಂಪಾದಕರು ಲೇಖನವನ್ನು ಪ್ರಶ್ನೆಗಳೊಡನೆ ಹಿಂದಿರುಗಿಸಿದರೆ ಅದನ್ನು ಅವಮಾನವೆಂದು ಎಣಿಸಬಾರದು. ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದರೆ ಲೇಖನ ತಾನೇ ತಿದ್ದಿಕೊಳ್ಳುತ್ತದೆ.

ಬಂಧುಗಳೆ, ನಾವು ಈ ಸಭೆಯ ಮುಂದೆ ಇಡುವ ಕೋರಿಕೆ ಬಹು ಸಣ್ಣದು. ಪ್ರತಿಯೊಂದು ಶಾಲೆಯ ಬೀರುವಿನ ಪಕ್ಕದಲ್ಲಿ, ಪ್ರತಿಯೊಂದು ವಾಚನಾಲಯದ ಮೇಜಿನ ಮೇಲೆ ಒಂದು ನೋಟುಪುಸ್ತಕವಿರಲಿ. ಅದರಲ್ಲಿ ನಾಲ್ಕು ಅಂಕಣಗಳಿರಲಿ: ತಾರೀಖು, ಕೇಳಿದವರ ವಯಸ್ಸು ಅಥವಾ ತರಗತಿ, ಕೇಳಿದ ಪುಸ್ತಕ, ದೊರೆಯಿತೆ ಇಲ್ಲವೆ. ತಂದೆತಾಯಿಗಳಾದ ನೀವು ಮಕ್ಕಳನ್ನು ಕಳುಹಿಸಿರಿ. ಪುಸ್ತಕ ಸಿಗಲಾರದೆಂದು ಗೊತ್ತಿದ್ದರೂ ಕೇಳಿ ಬರಲು ಹೇಳಿರಿ, ಕೇಳಿದ್ದನ್ನು ಬರೆಯಿಸಿ ಬರಲು ಹೇಳಿರಿ. ಒಂದು ವರ್ಷದ ಪುಟಗಳು ತುಂಬಿದ ಮೇಲೆ ಅದರಿಂದ ಒಂದು ಲೇಖನ ಹೊರಡಲಿ. ಒಂದು ಪ್ರತಿ ವೃತ್ತಿಪತ್ರಿಕೆಗೆ, ಒಂದು ಪ್ರತಿ ಜಿಲ್ಲೆಯ ಗ್ರಂಥಾಲಯಾಧಿಕಾರಿಗಳಿಗೆ, ಒಂದು ಪ್ರತಿ ಈ ಸಂಘಕ್ಕೆ ಸೇರಲಿ. ಮುಂದಿನ ವಾರ್ಷಿಕೋತ್ಸವದಲ್ಲಿ 'ಕನ್ನಡ ಓದುವವರು ಇದ್ದಾರೆ' ಎಂದು ಕೂಗಿ ಹೇಳುವ ಅಗತ್ಯ ಬೀಳದು. ಆ ನೋಟುಪುಸ್ತಕವನ್ನು ತೆರೆದಿಟ್ಟರೆ ಸಾಕು.