ತಂಗಿಯ ಮೊದಲ ಕೆಲಸ



ನಿಜ ಹೇಳಬೇಕೆಂದರೆ ಸಮಿತಿಯವರು ಮೊದಲು ಕರೆದದ್ದು ನನ್ನನ್ನಲ್ಲ, ನನ್ನ ತಂಗಿಯನ್ನು. ಅವಳೂ ಇದೇ ಶಾಲೆಯಲ್ಲಿ ಓದಿದವಳು, ನನಗಿಂತ ಏಳು ವರ್ಷ ಚಿಕ್ಕವಳು. ಈಗ ಬೆಂಗಳೂರಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ. ಈ ವಾರ ನೈಟ್ ಡ್ಯೂಟಿ, ಬದಲಿ ಯಾರೂ ಸಿಗಲಿಲ್ಲ. "ಅಣ್ಣ, ನೀನೇ ಹೋಗು. ಆದರೆ ನಿನ್ನ ಕಂಪ್ಯೂಟರ್ ಕತೆ ಬೇಡ. ನನ್ನ ಮೊದಲನೇ ಕೆಲಸದ ಕತೆ ಹೇಳು. ನೀನು ಮಾಡಿದ ತಪ್ಪನ್ನೂ ಬಿಡಬೇಡ" ಅಂದಳು. ಒಪ್ಪಿಕೊಂಡು ಬಂದಿದ್ದೇನೆ.

2010ರಲ್ಲಿ ನನ್ನ ಬಿ.ಇ. ಮುಗಿಯಿತು. ಕಂಪನಿಯವರೇ ಕಾಲೇಜಿಗೆ ಬಂದಿದ್ದರು. ಬೆಳಿಗ್ಗೆ ಪರೀಕ್ಷೆ, ಮಧ್ಯಾಹ್ನ ಸಂದರ್ಶನ, ಸಂಜೆ ಹೆಸರು ಓದಿದರು. ಕೆಲಸ ಅಂದರೆ ಹೀಗೇ ಸಿಗುವುದು ಅಂತ ತಿಳಿದಿದ್ದೆ. 2017ರಲ್ಲಿ ತಂಗಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದಾಗ ಅವಳ ಕಾಲೇಜಿಗೆ ಯಾರೂ ಬರಲಿಲ್ಲ. ನಾಲ್ಕು ವರ್ಷ ಓದಿದವಳು ತಾನೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯಬೇಕಾಯಿತು.

ಮೊದಲೆರಡು ಕಡೆ ಬಾಗಿಲಲ್ಲೇ ಕೇಳಿದರು, "ಕೌನ್ಸಿಲ್ ನೋಂದಣಿ ಆಗಿದೆಯಾ?" ಆಗಿರಲಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪದವಿ ಕೈಗೆ ಬಂದರೆ ಸಾಕು ಅಂದುಕೊಂಡಿದ್ದೆವು. ಸಾಲದು. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡು, ನೋಂದಾಯಿತ ನರ್ಸ್ ಮತ್ತು ಸೂಲಗಿತ್ತಿ ಅಂತ ಸಂಖ್ಯೆ ಪಡೆದ ಮೇಲೇ ಅವಳು ಕಾನೂನಿನ ಲೆಕ್ಕದಲ್ಲಿ ನರ್ಸ್. ಆ ಓಡಾಟದಲ್ಲಿ ತಿಂಗಳುಗಳು ಹೋದವು. ಫಲಿತಾಂಶ ಬಂದ ವಾರವೇ ಅರ್ಜಿ ಹಾಕಿದ್ದರೆ ಅಷ್ಟು ಕಾಯಬೇಕಿರಲಿಲ್ಲ. ನಮಗೆ ಹೇಳುವವರಿರಲಿಲ್ಲ.

ನೋಂದಣಿ ಆದ ಮೇಲೆ ಎದುರಾದದ್ದು ಇನ್ನೊಂದು ಪ್ರಶ್ನೆ, "ಅನುಭವ ಎಷ್ಟು?" ಅನುಭವ ಇಲ್ಲದೆ ಕೆಲಸ ಇಲ್ಲ, ಕೆಲಸ ಇಲ್ಲದೆ ಅನುಭವ ಎಲ್ಲಿಂದ? ರಾಮನಗರ, ಚನ್ನಪಟ್ಟಣದಲ್ಲಿ ವಿಚಾರಿಸಿದೆವು. ಕನಕಪುರಕ್ಕೂ ಮಾಗಡಿಗೂ ನನ್ನ ಬೈಕಿನಲ್ಲೇ ಹೋಗಿಬಂದೆವು. ಒಂದು ಕಡೆ ಖಾಲಿ ಇಲ್ಲ ಅಂದರು, ಇನ್ನೊಂದು ಕಡೆ ಹೇಳಿದ ಸಂಬಳದಲ್ಲಿ ಬಸ್ ಚಾರ್ಜು ಕಳೆದರೆ ಏನೂ ಉಳಿಯುತ್ತಿರಲಿಲ್ಲ.

ಕೊನೆಗೆ ಬೆಂಗಳೂರಿನ ಒಂದು ನರ್ಸಿಂಗ್ ಹೋಮಿನವರು ತೆಗೆದುಕೊಳ್ಳುತ್ತೇವೆ ಅಂದರು. ತಿಂಗಳಿಗೆ 9,500 ರೂಪಾಯಿ. ಎರಡು ವರ್ಷದ ಬಾಂಡು. ಅಲ್ಲಿಯವರೆಗೆ ಮೂಲ ಅಂಕಪಟ್ಟಿಗಳು ಅವರ ಬೀರುವಿನಲ್ಲಿ. ಅವಳು ಹೊರಗೆ ಬಂದು ಫೋನ್ ಮಾಡಿದಳು, "ಅಣ್ಣ, ಒರಿಜಿನಲ್ ಕೇಳ್ತಾವ್ರೆ, ಕೊಡ್ಲಾ?" ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಒಂದು ಹಾಳೆಯನ್ನೂ ಓದದೆ, "ಎಲ್ಲಾ ಕಡೆ ಹಂಗೇ ಇರುತ್ತೆ, ಕೊಟ್ಟು ಸೇರ್ಕೊ" ಅಂದೆ. ಅವಳು ಹೇಳಬೇಡ ಎನ್ನದ ತಪ್ಪು ಅದೇ.

ಕೆಲಸ ಅಲ್ಲಿ ಕಲಿತಳು, ಅದನ್ನು ಅಲ್ಲಗಳೆಯುವುದಿಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಒಂದು ವಾರ್ಡು ನೋಡಿಕೊಂಡಳು. ನಮ್ಮ ಕಡೆಯ ರೋಗಿಗಳು ಬಂದರೆ ಇವಳನ್ನೇ ಹುಡುಕುತ್ತಿದ್ದರಂತೆ, ನಮ್ಮ ಮಾತು ಆಡುತ್ತಾಳೆ ಅಂತ. ಆದರೆ 2019ರಲ್ಲಿ ನಮ್ಮ ಜಿಲ್ಲೆಯಲ್ಲೇ ಗುತ್ತಿಗೆ ನರ್ಸುಗಳ ನೇಮಕಕ್ಕೆ ಕರೆ ಬಂತು. ಮನೆಯಿಂದಲೇ ಓಡಾಡುವ ಕೆಲಸ. ಮೂಲ ದಾಖಲೆ ಹಿಡಿದು ಇಂಥ ದಿನ ಬನ್ನಿ ಅಂದರು. ನರ್ಸಿಂಗ್ ಹೋಮಿನವರು ಒಂದು ದಿನದ ಮಟ್ಟಿಗೂ ಕೊಡಲಿಲ್ಲ. ಜೆರಾಕ್ಸ್ ಪ್ರತಿ ಹಿಡಿದು ಹೋದವಳು ಹಿಂದಕ್ಕೆ ಬಂದಳು.

ಅವತ್ತು ಸಂಜೆ ಅಪ್ಪ ಚಂದ್ರಿಕೆಯಲ್ಲಿ ಹುಳ ಬಿಡುತ್ತಾ ಕೇಳಿದ್ದು ಒಂದೇ ಮಾತು, "ನಿನ್ನ ಕಾಗ್ದ ಅವರತ್ರ ಯಾಕವ್ವ ಅವೆ?" ಅದಕ್ಕೆ ನಾನೇ ಉತ್ತರ ಹೇಳಬೇಕಿತ್ತು.

ನಾನು ನಾಲ್ಕು ಇಂಗ್ಲಿಷ್ ಈಮೇಲ್ ಬರೆದೆ. ಅಂಕಪಟ್ಟಿ ಒತ್ತೆ ಇಡುವ ಒಡವೆಯಲ್ಲ, ಬಾಂಡ್ ಪದ್ಧತಿ ಸರಿಯಲ್ಲ ಎಂದೆಲ್ಲ ಬರೆದೆ. ಒಂದಕ್ಕೂ ಉತ್ತರ ಬರಲಿಲ್ಲ. ವಕೀಲರ ನೋಟಿಸು ಕೊಡಿಸೋಣ ಅಂದೆ, ತಂಗಿ ಹೆದರಿದಳು. ಮುಂದಿನ ಆಸ್ಪತ್ರೆಗೆ ಅನುಭವ ಪತ್ರ ಕೊಡಬೇಕಾದವರೂ ಅವರೇ ತಾನೆ? ಕೊನೆಗೆ ಅಪ್ಪ ರಾಮನಗರದ ಮಾರುಕಟ್ಟೆಯಲ್ಲಿ ಆ ಬೆಳೆಯ ಗೂಡು ಮಾರಿ, ಬಂದ ದುಡ್ಡಿನಲ್ಲಿ 30,000 ರೂಪಾಯಿ ಎಣಿಸಿಕೊಂಡು ರೈಲು ಹತ್ತಿದರು. ನನ್ನ ಹತ್ತಿರ ದುಡ್ಡು ಇರಲಿಲ್ಲವೇ? ಇತ್ತು. ಅಪ್ಪ ತೆಗೆದುಕೊಳ್ಳಲಿಲ್ಲ. ಕಾಗದಗಳನ್ನು ಬಿಡಿಸಿಕೊಂಡು, ಪಂಚೆಯ ಬಟ್ಟೆಯಲ್ಲಿ ಸುತ್ತಿ ತಂದು ಅವಳ ಕೈಗೆ ಕೊಟ್ಟರು.

ಸಂಬಳದ ಬಗ್ಗೆಯೂ ಒಂದು ಮಾತು. 2016ರಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದ ಮೇಲೆ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000ಕ್ಕೆ ಕಡಿಮೆ ಇರಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ಸರ್ಕಾರಿ ನರ್ಸಿನಷ್ಟೇ ಕೊಡಬೇಕು ಎಂದು ಸಮಿತಿ ಹೇಳಿತು. ಇದು ಶಿಫಾರಸು, ಜಾರಿ ಮಾಡಬೇಕಾದವರು ರಾಜ್ಯದವರು. ಆದರೂ ಇಂಥದ್ದೊಂದು ಇದೆ ಅಂತ ಗೊತ್ತಿದ್ದರೆ 9,500 ಅಂದಾಗ ನಮ್ಮ ಹುಡುಗಿ ಒಂದು ಸಲ ತಲೆ ಎತ್ತಿ ಕೇಳಬಹುದಿತ್ತು.

ಮುಂದಿನ ಸಂದರ್ಶನ ಒಂದು ದೊಡ್ಡ ಆಸ್ಪತ್ರೆಯಲ್ಲಿ. ನಾನು ನಮ್ಮ ಸಾಫ್ಟ್‌ವೇರಿನವರ ಥರ ಎರಡು ಪುಟದ ರೆಸ್ಯೂಮೆ ಮಾಡಿಕೊಟ್ಟಿದ್ದೆ. ಮೇಟ್ರನ್ ಅದನ್ನು ಪಕ್ಕಕ್ಕಿಟ್ಟರಂತೆ. ನಿಮ್ಮ ಬಗ್ಗೆ ಹೇಳಿ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಇವಳ ಬಾಯಿ ಕಟ್ಟಿತು. ಆಮೇಲೆ ಅವರು ಅವಳು ಕಾಲೇಜಿನಲ್ಲಿ ಬರೆದಿಟ್ಟಿದ್ದ ಹೆರಿಗೆಯ ಕೇಸ್ ಪುಸ್ತಕ ಬಿಡಿಸಿ ನೋಡಿದರು, ತಾನೇ ಮಾಡಿಸಿದ 20 ಹೆರಿಗೆಗಳ ವಿವರ ಅದರಲ್ಲಿತ್ತು. ಕ್ಯಾನುಲಾ ಬಣ್ಣ ಕೇಳಿದರು. 18 ಹಸಿರು, 20 ಗುಲಾಬಿ, 22 ನೀಲಿ, 24 ಹಳದಿ, ಗಡಗಡ ಹೇಳಿದಳು. ಪಾಳಿ ಬದಲಾಗುವಾಗ ರೋಗಿಯನ್ನು ಹೇಗೆ ಒಪ್ಪಿಸುತ್ತೀಯ, ಕನ್ನಡದಲ್ಲೇ ಹೇಳು ಅಂದರು. ಹೇಳಿದಳು. ಮುಂದಿನ ತಿಂಗಳು ಐ.ಸಿ.ಯು.ನಲ್ಲಿ ಕೆಲಸಕ್ಕೆ ಸೇರಿದಳು. ಸಂಬಳ 18,000, ಬಾಂಡು ಇಲ್ಲ. ಅಂಕಪಟ್ಟಿಗಳನ್ನು ಎದುರಿಗೇ ನೋಡಿ ವಾಪಸು ಕೊಟ್ಟರು. ಕೋವಿಡ್ ಬಂದಾಗ ಅಲ್ಲೇ ಇದ್ದಳು. ಆ ಎರಡು ವರ್ಷದ ಕತೆ ಅವಳೇ ಹೇಳಬೇಕು, ನನಗೆ ಆಗುವುದಿಲ್ಲ. ಸರ್ಕಾರಿ ಕೆಲಸದ ದಾಖಲೆ ಪರಿಶೀಲನೆಗೆ ಹೋದ ದಿನ ಅಪ್ಪ ಜೊತೆಗೆ ಹೋಗಿ, ಆ ಕಾಗದಗಳನ್ನು ಗೇಟಿನವರೆಗೂ ತಾವೇ ಹಿಡಿದುಕೊಂಡಿದ್ದರು.

ಈ ಶಾಲೆಯಲ್ಲಿ ಓದಿದ ನಾಲ್ಕು ಹುಡುಗಿಯರು ಈಗ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾರೆ ಎಂದು ಹೆಡ್‌ಮೇಷ್ಟ್ರು ಹೇಳಿದರು. ಬಂದಿದ್ದರೆ ಊಟ ಆದ ಮೇಲೆ ಹೋಗಬೇಡಿ. ತಂಗಿ ನಾಲ್ಕು ಗಂಟೆಗೆ ನಿದ್ದೆಯಿಂದ ಏಳುತ್ತಾಳೆ, ವಿಡಿಯೊ ಕಾಲ್ ಮಾಡುತ್ತೇನೆ ಅಂದಿದ್ದಾಳೆ. ಎಂಟು ಗಂಟೆಗೆ ಅವಳ ಡ್ಯೂಟಿ. ಫೋನ್ ಹಿಡಿದುಕೊಂಡು ನಾನು ಹತ್ತನೇ ತರಗತಿಯ ಕೋಣೆಯಲ್ಲಿ ಕುಳಿತಿರುತ್ತೇನೆ. ಅಪ್ಪ ಅಮ್ಮಂದಿರೂ ಬನ್ನಿ.