ಕುಡಿತ ಬಿಟ್ಟ ಮೂರನೆಯ ದಿನ

ಸಲಗರ, ಅಕ್ಕಲಕೋಟದ ಕಡೆ ಕುಡಿತ ಬಿಡಿಸುವುದಕ್ಕೆ ಹಿಂದಿನಿಂದ ಬಂದ ದಾರಿಗಳು ಎರಡು. ಒಂದು, ಸ್ವಾಮಿ ಸಮರ್ಥರ ಮುಂದೆ ನಿಲ್ಲಿಸಿ ಆಣೆ ಮಾಡಿಸುವುದು. ಇನ್ನೊಂದು, ಪಂಢರಪುರದ ತುಳಸಿಮಾಲೆ ಹಾಕಿಸುವುದು. ಇವುಗಳಿಂದ ಎಷ್ಟೋ ಮನೆಗಳು ಉಳಿದಿವೆ. ಆದರೆ ಬಹಳ ವರ್ಷ ದಿನಾಲೂ ಕುಡಿದವನು ಒಮ್ಮೆಲೇ ಬಿಟ್ಟಾಗ ಎರಡನೆಯ, ಮೂರನೆಯ ದಿನ ಕೆಲವು ಸಲ ಬೇರೆಯೇ ಆಗುತ್ತದೆ. ಕೈ ನಡುಗುತ್ತದೆ, ಮೈ ಬೆವರುತ್ತದೆ, ನಿದ್ದೆ ಹಾರಿಹೋಗುತ್ತದೆ. ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ. ಇಲ್ಲದವರ ಸಂಗಡ ಮಾತಾಡತೊಡಗುತ್ತಾನೆ. ಮನೆಯವರು ‘ಗಾಳಿ ಸೋಕಿತು’ ಎಂದು ಅಂಗಾರ ಹಚ್ಚುತ್ತಾರೆ, ತಾಯಿತ ಕಟ್ಟಿಸುತ್ತಾರೆ. ಹೀಗೆ ಕಳೆದುಹೋದ ಒಂದು ರಾತ್ರಿ ಜೀವಕ್ಕೇ ಎರವಾಗಬಹುದು.

ಇದು ಗಾಳಿಯಲ್ಲ, ದೇವರ ಕೋಪವೂ ಅಲ್ಲ. ಸಾರಾಯಿ ಮೆದುಳಿನ ಕೆಲಸವನ್ನು ಮಂದ ಮಾಡುತ್ತದೆ. ದಿನಾ ಕುಡಿಯುವವನ ಮೆದುಳು ಆ ಭಾರಕ್ಕೆ ಎದುರಾಗಿ ಜಗ್ಗುತ್ತ ಇರುತ್ತದೆ. ಹೇರು ತುಂಬಿದ ಬಂಡಿಯನ್ನು ದಿಬ್ಬ ಹತ್ತಿಸುವ ಎತ್ತುಗಳನ್ನು ನೆನೆಯಿರಿ. ಹಿಂದಿನ ಭಾರ ಒಮ್ಮೆಲೇ ಕಳಚಿದರೆ ಅವು ಮುಂದಕ್ಕೆ ಮುಗ್ಗರಿಸುತ್ತವೆ. ಹಾಗೆಯೇ ಕುಡಿತ ನಿಂತ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಬುದ್ಧಿಭ್ರಮೆ ಆಗಬಹುದು. ಇದಕ್ಕೆ ಡಾಕ್ಟರರು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಇದಕ್ಕೆ ಖಚಿತವಾದ ಉಪಚಾರ ಉಂಟು. ಉಪಚಾರದಲ್ಲಿ ಥಯಾಮಿನ್, ಅಂದರೆ ಬಿ-1 ಜೀವಸತ್ವಕ್ಕೆ ಬಹಳ ಮಹತ್ವವಿದೆ. ಅದು ಸಿಗದೆ ಬರಿಯ ಗ್ಲೂಕೋಜ್ ಸಲೈನ್ ಹಚ್ಚಿದರೆ ಮೆದುಳಿಗೆ ಅಪಾಯವಾಗಬಹುದು.

ಈ ತಿಳಿವಳಿಕೆ ಎಲ್ಲಿ ಬೆಳೆಯುತ್ತದೆ? ದೊಡ್ಡ ವಿದ್ಯಾಸಂಸ್ಥೆಗಳಲ್ಲಿ. ನಮ್ಮ ಭಾಷೆಯ ನಾಡಿನಲ್ಲಿರುವ ಬೆಂಗಳೂರಿನ ನಿಮ್ಹಾನ್ಸ್ ಅಂಥದೊಂದು. ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಈ ಎರಡೂ ಕೂಡಿ 1974ರಲ್ಲಿ ಅದು ರೂಪುಗೊಂಡಿತು. ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ಬೇರೆ ಕೇಂದ್ರವಿದೆ. ರೋಗಿಗಳ ಉಪಚಾರ, ಸಂಶೋಧನೆ, ಡಾಕ್ಟರರ ತರಬೇತಿ ಮೂರೂ ಒಂದೇ ಸೂರಿನಡಿ ನಡೆಯುತ್ತವೆ. ಅಲ್ಲಿಯ ಡಾ. ವಿವೇಕ ಬೆನಗಲ, ಡಾ. ಚನ್ನಬಸವಣ್ಣ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಕುಡಿತಕ್ಕೆ ಅಂಟಿಕೊಂಡವರ ಮನೆತನದ ಗಂಡುಮಕ್ಕಳ ಮೆದುಳಿನ ವಿದ್ಯುತ್ ಅಲೆಗಳನ್ನು ಅವರು ಅಳೆದರು. ಅಪಾಯ ಹೆಚ್ಚಿದ್ದಷ್ಟೂ ಒಂದು ಬಗೆಯ ಅಲೆ ಸಣ್ಣದಾಗಿತ್ತು. ಕುಡಿತದಲ್ಲಿ ಮನೋಬಲದ ಜೊತೆಗೆ ಮೈಯ ಪಾಲೂ ಇದೆ ಎಂಬುದಕ್ಕೆ ಇದೊಂದು ಗುರುತು. ಅಂದಮೇಲೆ ಆಣೆ ಮುರಿದವನನ್ನು ‘ನಾಲಾಯಕ’ ಎಂದು ಬೈದರೆ ಕೆಲಸ ಮುಗಿಯುವುದಿಲ್ಲ.

ಆದರೆ ಬೆಂಗಳೂರಿನ ವಿದ್ಯೆ ಸಲಗರದ ಮನೆಬಾಗಿಲಿಗೆ ಬರುವುದು ಹೇಗೆ? ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಹೊರಬಂತು. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಅವರಲ್ಲಿ 5.7 ಕೋಟಿ ಜನರಿಗೆ ನೆರವು ಬೇಕು ಎಂದು ಅದು ಹೇಳಿತು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಯಾವುದಾದರೊಂದು ಉಪಚಾರ ಸಿಕ್ಕದ್ದು ಒಬ್ಬನಿಗೆ ಮಾತ್ರ. ಮನೋವೈದ್ಯರು ಹಳ್ಳಿಹಳ್ಳಿಗೆ ಬರಲಾರರು. ಆದ್ದರಿಂದ ಹಳ್ಳಿಗೆ ಹತ್ತಿರವಿರುವ ಡಾಕ್ಟರರಿಗೇ ಈ ವಿದ್ಯೆ ಕಲಿಸಬೇಕು. ನಿಮ್ಹಾನ್ಸ್ 2014ರಿಂದ ವಿಡಿಯೋ ಮೂಲಕ ಇಂಥ ಪಾಠ ನಡೆಸಿದೆ. ದೂರದ ಡಾಕ್ಟರು ತನ್ನ ರೋಗಿಯ ಸಂಗತಿ ಮುಂದಿಡುತ್ತಾನೆ. ತಜ್ಞರೂ ಇತರ ಡಾಕ್ಟರರೂ ಕೂಡಿ ದಾರಿ ತೋರಿಸುತ್ತಾರೆ. ಮರಾಠಿಯಲ್ಲಿ ಈ ಕೆಲಸಕ್ಕೆ ಹೆಸರಾದದ್ದು ಪುಣೆಯ ಮುಕ್ತಾಂಗಣ. 1986ರಲ್ಲಿ ಡಾ. ಅನಿತಾ ಅವಚಟ ಮತ್ತು ಡಾ. ಅನಿಲ ಅವಚಟ ದಂಪತಿಗಳು ಅದನ್ನು ಕಟ್ಟಿದರು. ಅಲ್ಲಿ ಉಪಚಾರವಷ್ಟೇ ಅಲ್ಲ, ಕಾರ್ಯಕರ್ತರ ತರಬೇತಿಯೂ ನಡೆಯುತ್ತದೆ. ಎರಡು ಭಾಷೆ ಬಲ್ಲ ನಮಗೆ ಎರಡೂ ಬಾಗಿಲು ತೆರೆದಿವೆ. ಗಡಿಯವರಿಗೆ ಇದೊಂದು ಲಾಭವೇ ಸರಿ.

ತಾಯಂದಿರಿಗೆ, ಅಕ್ಕತಂಗಿಯರಿಗೆ ಇನ್ನೊಂದು ಮಾತು. ‘ಗೊತ್ತಾಗದ ಹಾಗೆ ಊಟದಲ್ಲಿ ಹಾಕಿರಿ, ಕುಡಿತ ಬಿಡುತ್ತಾನೆ’ ಎಂದು ಕೆಲವರು ಗುಳಿಗೆ, ಪುಡಿ ಮಾರುತ್ತಾರೆ. ಡೈಸಲ್ಫಿರಾಮ್ ಎಂಬ ಔಷಧವಿದೆ. ಕುಡಿತಕ್ಕೆ ಅದು ಒದಗುತ್ತದೆಂದು 1948ರಲ್ಲಿ ಡೆನ್ಮಾರ್ಕಿನ ಸಂಶೋಧಕರು ತೋರಿಸಿದರು. ಅದನ್ನು ತೆಗೆದುಕೊಂಡವನು ಕುಡಿದರೆ ಮುಖ ಕೆಂಪಾಗುತ್ತದೆ, ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಆತ ಸ್ವತಃ ಒಪ್ಪಿ, ಡಾಕ್ಟರರ ನಿಗಾದಲ್ಲಿ ತೆಗೆದುಕೊಂಡರೆ ಅದು ಔಷಧ. ಕದ್ದು ಹಾಕಿದರೆ ಅದೇ ವಿಷ. ಗಂಡನನ್ನು ಉಳಿಸಹೋಗಿ ಕಳೆದುಕೊಳ್ಳಬೇಡಿರಿ.

ಹಾಗಾದರೆ ಮಾಡುವುದೇನು? ಆಣೆ ಮಾಡಿಸಿರಿ, ಮಾಲೆ ಹಾಕಿಸಿರಿ, ಬೇಡವೆನ್ನುವುದಿಲ್ಲ. ಆದರೆ ದಿನಾ ಕುಡಿಯುವವನಾಗಿದ್ದರೆ ಆಣೆಗೆ ಮೊದಲು ಡಾಕ್ಟರರಿಗೆ ತೋರಿಸಿರಿ. ನಡುಕ, ಫಿಟ್ಸ್, ಭ್ರಮೆ ಕಂಡರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಫೋನು ಮಾಡಿ ಸೊಲ್ಲಾಪುರದ ಸಿವಿಲ್ ಆಸ್ಪತ್ರೆಗೆ ಒಯ್ಯಿರಿ. ಎಷ್ಟು ಕುಡಿಯುತ್ತಿದ್ದ, ಯಾವಾಗ ಬಿಟ್ಟ ಎಂಬುದನ್ನು ಮುಚ್ಚಿಡದೆ ಹೇಳಿರಿ. ಬರಿಯ ಸಲಹೆ ಬೇಕಾದರೆ 14416 ಎಂಬ ಟೆಲಿ-ಮಾನಸ್ ಸಂಖ್ಯೆ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸೇವೆಗೆ ಹಣವಿಲ್ಲ. ಕನ್ನಡ, ಮರಾಠಿ ಎರಡರಲ್ಲೂ ಮಾತಾಡಬಹುದು. ವ್ಯಸನಮುಕ್ತಿಗೆಂದೇ ಇರುವ ಸಂಖ್ಯೆ 14446.

ಗ್ರಾಮಸಭೆಯಲ್ಲಿ ರಸ್ತೆ, ನೀರು ಕೇಳುತ್ತೇವೆ. ‘ನಮ್ಮ ಆರೋಗ್ಯ ಕೇಂದ್ರದ ಡಾಕ್ಟರರಿಗೆ, ಆಶಾ ತಾಯಿಗೆ ಈ ತರಬೇತಿ ಕೊಡಿಸಿರಿ’ ಎಂದೂ ಒಮ್ಮೆ ಕೇಳೋಣ. ಆಣೆ ಮಾಡುವ ದಿನ ಊರೆಲ್ಲ ಜೊತೆಗಿರುತ್ತದೆ. ಮೂರನೆಯ ದಿನವೂ ಯಾರಾದರೂ ಜೊತೆಗಿರಲಿ.