ಜೋಡಿ ಮೀನಿನ ಜಗಳ

ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಕ್ಲೌನ್‌ಫಿಶ್ ಜೋಡಿಯನ್ನು ಆಸೆಪಟ್ಟು ತರುತ್ತಾರೆ. ಕಿತ್ತಳೆ ಮೈ, ಬಿಳಿ ಪಟ್ಟೆಯ ಚೆಲುವು. ಕೆಲವೇ ದಿನಗಳಲ್ಲಿ ದೊಡ್ಡದು ಚಿಕ್ಕದನ್ನು ಅಟ್ಟಾಡಿಸಿ ಕಚ್ಚತೊಡಗಿದಾಗ ಗಾಬರಿಯಾಗುತ್ತಾರೆ.

ಈ ಮೀನುಗಳಲ್ಲಿ ಹುಟ್ಟುವಾಗ ಯಾವುದೂ ಹೆಣ್ಣಲ್ಲ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಬೆಳೆದದ್ದು ಹೆಣ್ಣಾಗುತ್ತದೆ, ಅದರ ನಂತರದ್ದು ಅದಕ್ಕೆ ಗಂಡು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಹಾಗಾಗಿ ದೊಡ್ಡದು ತನ್ನ ಪಟ್ಟವನ್ನು ದಿನವೂ ಕಾಯುತ್ತದೆ. ಚಿಕ್ಕದು ಮೈ ವಾಲಿಸಿ ಅದುರುತ್ತದೆ, ಶರಣಾದೆ ಎನ್ನುವಂತೆ. ಪಪುವಾ ನ್ಯೂಗಿನಿಯ ಮದಾಂಗ್ ಬಳಿ ಇವುಗಳನ್ನು ಅಧ್ಯಯನ ಮಾಡಿದ ಪೀಟರ್ ಬಸ್ಟನ್ 2003ರಲ್ಲಿ ಪ್ರಕಟಿಸಿದ ಸಂಗತಿ ನನಗೆ ಇಂದಿಗೂ ಬೆರಗು. ಕೆಳಗಿನ ಸ್ಥಾನದ ಮೀನು ತನ್ನ ಬೆಳವಣಿಗೆಯನ್ನೇ ತಡೆಹಿಡಿಯುತ್ತದೆ, ಮೇಲಿನದಕ್ಕಿಂತ ಚಿಕ್ಕದಾಗಿಯೇ ಉಳಿಯುತ್ತದೆ! ಸಂಘರ್ಷ ತಪ್ಪಿಸಲು ಇಷ್ಟು ದೊಡ್ಡ ತ್ಯಾಗ.

ಗಾಜಿನ ತೊಟ್ಟಿಯಲ್ಲಿ ಮಾತ್ರ ಏಟು ತಿಂದ ಮೀನಿಗೆ ಓಡಿಹೋಗಲು ಜಾಗವಿಲ್ಲ. ಅದರ ಹೊಣೆ ಸಾಕುವವರದೇ. ಬೆಳೆದ ಎರಡು ಸಮಗಾತ್ರದ ಮೀನುಗಳನ್ನು ಒಟ್ಟಿಗೆ ಬಿಡಬೇಡಿ. ಒಂದು ದೊಡ್ಡದು, ಒಂದು ಮರಿ ತನ್ನಿ. ಸಣ್ಣಪುಟ್ಟ ಅಟ್ಟಾಟ ಸಹಜ, ಆದರೆ ರೆಕ್ಕೆ ಹರಿದಿದ್ದರೆ, ಚಿಕ್ಕದು ಮೂಲೆ ಸೇರಿ ಮೇವು ಬಿಟ್ಟರೆ, ಅಂದೇ ತೂತುಗಳಿರುವ ಡಬ್ಬಿಯಲ್ಲಿಟ್ಟು ಬೇರೆ ಮಾಡಿ.